ಹೊಳೆ ಬಿಟ್ಟು ರಸ್ತೆ ಹಿಡಿದ ಬಂಟ್ವಾಳ

ಮಂಗಳೂರಿನಲ್ಲಿ ಸ್ಮಾರ್ಟ್ ಸಿಟಿ ಹಣದಿಂದ ನೇತ್ರಾವತಿ ದಂಡೆಯನ್ನು ಚಂದ ಮಾಡುವ ಯೋಜನೆ ಬಂದಾಗ ನಮಗೆ ನೆನಪಾದದ್ದು ಅದೇ ಹೊಳೆಯ ಮೇಲಿನ ಬಂಟ್ವಾಳ ಪೇಟೆ.

ಒಂದು ಕಾಲಕ್ಕೆ ಮಂಗಳೂರು ಬಂದರಿನ ಒಳಬಾಗಿಲು ಇದೇ. ಘಟ್ಟದ ಕಾಫಿ, ಅಡಿಕೆ ಎತ್ತಿನ ಗಾಡಿಯಲ್ಲಿ ಇಳಿದು ಬಂದು ಇಲ್ಲಿ ದೋಣಿ ಹತ್ತುತ್ತಿತ್ತು. ಹಾಗಾಗಿಯೇ ಪೇಟೆ ಹೊಳೆಗೆ ಅಂಟಿಕೊಂಡು ಬೆಳೆಯಿತು. ಅದಕ್ಕೆ ಬೆಲೆಯನ್ನೂ ತೆತ್ತಿತು: 1923ರಲ್ಲಿ, ಮತ್ತೆ 1974ರಲ್ಲಿ ನೆರೆ ಪೇಟೆಯೊಳಗೇ ನುಗ್ಗಿತು. ‘ಎಪ್ಪತ್ತನಾಲ್ಕರ ಬೊಳ್ಳ’ ಎಂದರೆ ನಮ್ಮ ಹಿರಿಯರಿಗೆ ಬೇರೆ ವಿವರಣೆ ಬೇಡ.

ಆದರೆ ಪೇಟೆಯನ್ನು ಸೊರಗಿಸಿದ್ದು ನೀರಿಗಿಂತ ಹೆಚ್ಚಾಗಿ ರಸ್ತೆ. ಲಾರಿಗಳು ಬಂದವು, ದೋಣಿಗಳು ನಿಂತವು. ವ್ಯಾಪಾರ ಹೆದ್ದಾರಿಯ ಬಂಟ್ವಾಳ ಕ್ರಾಸ್ ರೋಡಿಗೆ, ಅಂದರೆ ಬಿ.ಸಿ. ರೋಡಿಗೆ ಹೋಯಿತು, ತಾಲೂಕು ಕಚೇರಿಯೂ ಈಗ ಅಲ್ಲೇ. ಹೊರಗಿನವರಿಗೆ ಇಂದು ಬಂಟ್ವಾಳ ಎಂದರೆ ಆ ಅಡ್ಡರಸ್ತೆಯೇ!

ಮಂಗಳೂರಿನ ಹಳೆ ಬಂದರಿನದೂ ಅರ್ಧ ಇದೇ ಕಥೆ. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಆದರೂ ಧಕ್ಕೆಯಲ್ಲಿ ಮೀನುಗಾರರಿದ್ದಾರೆ, ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳಿವೆ. ದಂಡೆಯ ನಕ್ಷೆ ಬರೆಯುವವರು ವಾಕಿಂಗ್ ಹೋಗುವವರಿಗಿಂತ ಮೊದಲು ಇವರನ್ನು ಕೇಳಬೇಕು: ಮೂಟೆ ಎಲ್ಲಿ ಇಳಿಸುತ್ತೀರಿ, ಬಲೆ ಎಲ್ಲಿ ಹರಡುತ್ತೀರಿ ಎಂದು.