ಸಂಘಗಳು ಕಟ್ಟಿದ ಕಾಲೇಜುಗಳು: ಥಾಣೆಯಿಂದ ನವಿ ಮುಂಬಯಿವರೆಗೆ

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಉನ್ನತ ಶಿಕ್ಷಣವನ್ನು ಸರಕಾರಕ್ಕಿಂತ ಹೆಚ್ಚಾಗಿ ಬೆಳೆಸಿದ್ದು ಊರಿನ ಶಿಕ್ಷಣ ಮಂಡಳಿಗಳು, ಭಾಷಿಕ ಸಮಾಜಗಳು ಮತ್ತು ಧಾರ್ಮಿಕ ಸಂಸ್ಥೆಗಳು. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ಬಂತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಮುಂಬಯಿ ವಿಶ್ವವಿದ್ಯಾಲಯ ಆರಂಭವಾದದ್ದು 1857ರಲ್ಲಿ. ಆದರೂ ಅಲ್ಲಿಂದ ಮುಂದೆ ನೂರು ವರ್ಷ ಈ ಭಾಗದವರು ಪದವಿ ಓದಲು ಮುಂಬಯಿ ನಗರವನ್ನೇ ನೆಚ್ಚಿಕೊಂಡಿದ್ದರು.

ಬದಲಾವಣೆ ಕಂಡದ್ದು 1960ರ ದಶಕದಲ್ಲಿ. ದೇಶ ವಿಭಜನೆಯಾದಾಗ ಸಿಂಧ್ ಬಿಟ್ಟು ಬಂದವರು ಕಲ್ಯಾಣದ ಮಗ್ಗುಲಿನ ಉಲ್ಲಾಸನಗರದಲ್ಲಿ ನೆಲೆಸಿದ್ದರು. ಅಲ್ಲಿ ಹೈದರಾಬಾದ್ (ಸಿಂಧ್) ನ್ಯಾಷನಲ್ ಕಾಲೇಜಿಯೇಟ್ ಬೋರ್ಡ್ 1965ರಲ್ಲಿ ಚಾಂದಿಬಾಯಿ ಕಾಲೇಜನ್ನು ತೆರೆಯಿತು. ಥಾಣೆಯಲ್ಲಿ 1935ರಿಂದ ಶಾಲೆ ನಡೆಸುತ್ತಿದ್ದ ವಿದ್ಯಾ ಪ್ರಸಾರಕ ಮಂಡಳ 1969ರಲ್ಲಿ ಪದವಿ ಶಿಕ್ಷಣಕ್ಕೆ ಕೈಹಾಕಿತು. ಖಾಡಿಯ (ಕಡಲ ಹಿನ್ನೀರಿನ) ದಂಡೆಯ ಅದರ ಆವರಣಕ್ಕೆ ಕಲೆ, ವಾಣಿಜ್ಯ, ವಿಜ್ಞಾನಗಳ ಹಿಂದೆಯೇ ಕಾನೂನು, ಮ್ಯಾನೇಜ್‌ಮೆಂಟ್, ಪಾಲಿಟೆಕ್ನಿಕ್ ಒಂದೊಂದಾಗಿ ಬಂದವು. ಕಲ್ಯಾಣದ ಬಿರ್ಲಾ ಕಾಲೇಜು 1972ರದ್ದು.

ಎಲ್ಲಿಂದಲೋ ಬಂದು ನೆಲೆನಿಂತವರು ಮೊದಲು ಶಾಲೆಯನ್ನು, ಆಮೇಲೆ ಕಾಲೇಜನ್ನು ಕಟ್ಟುವ ಈ ಪರಿಪಾಠ ಹೊರದೇಶಗಳಲ್ಲೂ ಇದೆ. ಪ್ರಾಟೆಸ್ಟೆಂಟ್ ಕ್ರೈಸ್ತರ ಪಂಗಡವಾದ ಲೂಥರನ್ನರು ಅಮೆರಿಕದಲ್ಲಿ ಕಟ್ಟಿದ ಕಾಲೇಜುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮಿನೆಸೋಟಾದಲ್ಲಿ ನಾರ್ವೆಯಿಂದ ವಲಸೆ ಬಂದ ಲೂಥರನ್ನರು 1874ರಲ್ಲಿ ತೆರೆದ ಸೇಂಟ್ ಓಲಾಫ್ ಶಾಲೆ 1889ರಲ್ಲಿ ಕಾಲೇಜಾಯಿತು. ಅದು ವಿಜ್ಞಾನ, ಗಣಿತ, ಅರ್ಥಶಾಸ್ತ್ರಗಳಿಗೆ ಹೆಸರು ಮಾಡಿದರೂ ನಾರ್ವೇಜಿಯನ್ ಭಾಷೆಯ ಪಾಠವನ್ನು ಇಂದಿಗೂ ಕೈಬಿಟ್ಟಿಲ್ಲ. ಲೂಥರನ್ನರಲ್ಲದ ವಿದ್ಯಾರ್ಥಿಗಳಿಗೂ ಅಲ್ಲಿ ಪ್ರವೇಶವಿದೆ. ಸಮುದಾಯದ ಹಣದಿಂದ ಎದ್ದ ಕಾಲೇಜು ಎಲ್ಲರದ್ದಾಗುತ್ತಲೇ ತನ್ನ ಗುರುತನ್ನೂ ಉಳಿಸಿಕೊಳ್ಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿ ಇಂಥ ಸಂಸ್ಥೆಗಳಿಗೆ ಆಧಾರ ಸಂವಿಧಾನದ 30ನೇ ವಿಧಿ. ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರು ತಮಗೆ ಬೇಕಾದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಅದು ಕೊಡುತ್ತದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪಿತ್ತಿತು. ಆ ಪ್ರಕರಣವನ್ನು ಕಾನೂನು ಲೋಕ ಗುರುತಿಸುವುದು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಿಂದ. ಕರ್ನಾಟಕದಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ಮಹಾರಾಷ್ಟ್ರದಲ್ಲಿ ಭಾಷಿಕ ಅಲ್ಪಸಂಖ್ಯಾತರಾಗುವುದು ಹೀಗೆ. ಇಂಥ ಮಾನ್ಯತೆ ಪಡೆದ ಕಾಲೇಜಿನಲ್ಲಿ ಸೀಟುಗಳ ಸುಮಾರು ಅರ್ಧ ಪಾಲು ಆ ಸಮುದಾಯದ ಮಕ್ಕಳಿಗೆ ಮೀಸಲು. ಪ್ರವೇಶದ ಹೊತ್ತಿಗೆ ನೋಡುವುದು ಶಾಲೆಯ ಲೀವಿಂಗ್ ಸರ್ಟಿಫಿಕೇಟಿನ ‘ಮಾತೃಭಾಷೆ’ ಕಾಲಮನ್ನು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಕರಾವಳಿ ಕುಟುಂಬಗಳು ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಬರೆಸಿದ ಆ ಒಂದು ಪದ ಹನ್ನೆರಡು ವರ್ಷಗಳ ಬಳಿಕ ಸೀಟಿನ ಪ್ರಶ್ನೆಯಾಗಿ ಎದುರಾಗುತ್ತದೆ.

ಡೊಂಬಿವಲಿಯಲ್ಲಿ ಈ ಹಕ್ಕನ್ನು ಬಳಸಿಕೊಂಡವರಲ್ಲಿ ದಕ್ಷಿಣ ಭಾರತೀಯರು ಎದ್ದು ಕಾಣುತ್ತಾರೆ. ಕೇರಳೀಯ ಸಮಾಜಂ ಮಾಡೆಲ್ ಕಾಲೇಜನ್ನು ನಡೆಸುತ್ತದೆ. ಕನ್ನಡಿಗರ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಬೆಳೆಸಿ, ಠಾಕುರ್ಲಿಯಲ್ಲಿ ಮಂಜುನಾಥ ವಾಣಿಜ್ಯ ಕಾಲೇಜನ್ನೂ ಸ್ಥಾಪಿಸಿತು. ಇದರ ಹಿಂದೆ ಮುಂಬಯಿ ಕನ್ನಡಿಗರ ದೊಡ್ಡ ಪರಂಪರೆಯೊಂದಿದೆ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ವಿಮಾ ಕಚೇರಿಗಳಿಗೆ ಸೇರಿದರು, ಕೆಲವರು ವಕೀಲರಾದರು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಉಪನಗರಗಳಲ್ಲಿ ಮನೆ ಮಾಡಿದರು. ಶಾಲೆ ಕಾಲೇಜುಗಳಿಗೆ ದೇಣಿಗೆ ಕೊಟ್ಟವರಲ್ಲಿ ಆ ತಲೆಮಾರಿನವರ ಪಾಲು ದೊಡ್ಡದು.

ನವಿ ಮುಂಬಯಿಯ ಕತೆ ಬೇರೆ. 1970ರಲ್ಲಿ ಸ್ಥಾಪನೆಯಾದ ಸರಕಾರಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಊರನ್ನು ನಕ್ಷೆ ಹಾಕಿಯೇ ಕಟ್ಟಿತು. ‘ನೋಡ್’ ಎಂದು ಕರೆದ ಪ್ರತಿ ಬಡಾವಣೆಯಲ್ಲೂ ಶಿಕ್ಷಣ ಸಂಸ್ಥೆಗಳಿಗೆ ಜಾಗ ಗುರುತಿಸಿತು. 1983ರಲ್ಲಿ ಮಹಾರಾಷ್ಟ್ರ ಸರಕಾರ ಅನುದಾನವಿಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆದಾಗ ನೆರೂಲಿನಲ್ಲಿ ರಾಮರಾವ್ ಆದಿಕ್ ಸಂಸ್ಥೆ ಎದ್ದಿತು. 1992ರಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ರೈಲು ಓಡತೊಡಗಿದ ಮೇಲೆ ಸಂಸ್ಥೆಗಳ ಸಾಲೇ ಬಂತು. ಗೋವೆಯ ಪಿಲಾರ್ ಮೂಲದ ಕ್ರೈಸ್ತ ಪಾದ್ರಿಗಳು ವಾಶಿಯಲ್ಲಿ ಫಾದರ್ ಆಗ್ನೆಲ್ ಸಮುಚ್ಚಯವನ್ನು ಬೆಳೆಸಿ 1994ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಿಸಿದರು. ಧಾರ್ಮಿಕ ಸಂಸ್ಥೆಯೇ ನಡೆಸುವುದರಿಂದ, ಮೇಲೆ ಹೇಳಿದ ಲೂಥರನ್ ಮಾದರಿಗೆ ಈ ಭಾಗದಲ್ಲಿ ಅತಿ ಹತ್ತಿರದ್ದು ಇದೇ. 1932ರಲ್ಲಿ ಹುಟ್ಟಿದ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಮಾಟುಂಗದಿಂದ ನೆರೂಲಿಗೂ ಚಾಚಿಕೊಂಡು ಮೊದಲು ಮ್ಯಾನೇಜ್‌ಮೆಂಟ್, 2002ರಲ್ಲಿ ತಂತ್ರಜ್ಞಾನದ ಕಾಲೇಜು ತೆರೆಯಿತು. ಪನವೇಲಿನ ಪಿಳ್ಳೈ ಕಾಲೇಜುಗಳು ಇದೇ ಅವಧಿಯವು.

ಕೋರ್ಸುಗಳ ಆಯ್ಕೆಯನ್ನು ನಿರ್ಧರಿಸಿದ್ದು ಉದ್ಯೋಗ. ಮೊದಲ ಘಟ್ಟದಲ್ಲಿ ಬಿ.ಕಾಂ. ಮತ್ತು ಬಿ.ಎಸ್ಸಿ. ರಸಾಯನಶಾಸ್ತ್ರಕ್ಕೆ ಬೇಡಿಕೆಯಿತ್ತು: ಒಂದಕ್ಕೆ ಮುಂಬಯಿಯ ಬ್ಯಾಂಕುಗಳು, ಇನ್ನೊಂದಕ್ಕೆ ಡೊಂಬಿವಲಿ, ಅಂಬರನಾಥ ಮತ್ತು ಥಾಣೆ-ಬೇಲಾಪುರ ಪಟ್ಟಿಯ ರಾಸಾಯನಿಕ ಕಾರ್ಖಾನೆಗಳು ಕಾರಣ. ಹೊಸ ಶತಮಾನದ ಆಸುಪಾಸಿನಲ್ಲಿ ವಿಶ್ವವಿದ್ಯಾಲಯ ಬಿ.ಎಂ.ಎಸ್. (ಮ್ಯಾನೇಜ್‌ಮೆಂಟ್ ಪದವಿ), ಅಕೌಂಟಿಂಗ್ ಆ್ಯಂಡ್ ಫೈನಾನ್ಸ್, ಬ್ಯಾಂಕಿಂಗ್ ಆ್ಯಂಡ್ ಇನ್ಶೂರೆನ್ಸ್, ಐ.ಟಿ. ಮುಂತಾದ ಸ್ವಯಂ ಹಣಕಾಸಿನ ಪದವಿಗಳನ್ನು ತಂದಾಗ ಸಂಘಗಳ ಕಾಲೇಜುಗಳೂ ಅವನ್ನೇ ಹಿಡಿದವು. ಮುಂದೆ ನವಿ ಮುಂಬಯಿಯ ಐರೋಲಿ, ಮಹಾಪೆಯ ಐ.ಟಿ. ಕಚೇರಿಗಳು, 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಬಂದರಿನ ಸುತ್ತಲ ಸಾಗಣೆ ಉದ್ಯಮ ಊರ ಸಮೀಪವೇ ಕೆಲಸ ಒದಗಿಸಿದವು. ಬೆಳಗಿನ ಪಾಳಿಯ ಕಾಲೇಜು ಈ ಭಾಗದ ವಿಶೇಷ: ಏಳರ ಸುಮಾರಿಗೆ ತರಗತಿ ಶುರು, ಹತ್ತೂವರೆಗೆ ಮುಕ್ತಾಯ, ಅಲ್ಲಿಂದ ನೇರ ಲೋಕಲ್ ಹಿಡಿದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಎಂಬ ತರಬೇತಿ. ಇಪ್ಪತ್ತೊಂದಕ್ಕೆ ಪದವಿಯ ಜತೆಗೆ ಕೆಲಸದ ಅನುಭವವೂ ಇರುವುದು ಇಲ್ಲಿನ ವಿದ್ಯಾರ್ಥಿಗಳ ನಿಜವಾದ ಬಲ.

ಅಧ್ಯಾಪಕರ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ಚೆನ್ನಾಗಿಲ್ಲ. ಅನುದಾನಿತ ವಿಭಾಗದಲ್ಲಿ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಸೆಟ್ ಪಾಸಾದವರು, ಪಿಎಚ್.ಡಿ. ಆದವರು ಸರಕಾರಿ ವೇತನ ಶ್ರೇಣಿ ಪಡೆಯುತ್ತಾರೆ. ಅದೇ ಕಟ್ಟಡದ ಸ್ವಯಂ ಹಣಕಾಸು ವಿಭಾಗದಲ್ಲಿ ಅಷ್ಟೇ ಓದಿದವರು ಎಷ್ಟೋ ಮಂದಿ ‘ಕ್ಲಾಕ್ ಅವರ್’ ಲೆಕ್ಕದಲ್ಲಿ, ಅಂದರೆ ತಾಸಿಗಿಷ್ಟು ಎಂಬ ಸಂಭಾವನೆಗೆ ಪಾಠ ಮಾಡುತ್ತಾರೆ. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. ಇದು ಅನ್ಯಾಯ, ಒಂದೆರಡು ವರ್ಷಕ್ಕೆ ಅಧ್ಯಾಪಕರು ಬದಲಾಗುತ್ತಿದ್ದರೆ ಯಾವ ವಿಭಾಗವೂ ಬೇರೂರದು.

ಕಲಿಕೆಯ ವಿಷಯವಾಗಿ ಕನ್ನಡಕ್ಕೆ ವಾಣಿಜ್ಯದಷ್ಟು ಅದೃಷ್ಟ ಒಲಿಯಲಿಲ್ಲ. ಎಂ.ಎ., ಪಿಎಚ್.ಡಿ. ಮಟ್ಟದ ಕನ್ನಡ ಬೇಕಾದವರು ಕುರ್ಲಾದಲ್ಲಿ ಇಳಿದು ಕಲೀನಾದ ವಿದ್ಯಾನಗರಿಗೆ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಹೋಗಬೇಕು. ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರ, ಬಳಿಕ ತಾಳ್ತಜೆ ವಸಂತಕುಮಾರ, ಜಿ.ಎನ್. ಉಪಾಧ್ಯ ಮುನ್ನಡೆಸಿದ ವಿಭಾಗ ಅದು. ಮುಂಬಯಿ ಕನ್ನಡಿಗರ ಬದುಕು, ಬರಹವನ್ನೇ ಸಂಶೋಧನೆಯ ವಸ್ತುವಾಗಿಸಿದ್ದು ಅದರ ದೊಡ್ಡ ಸಾಧನೆ. ಅಲ್ಲಿ ಓದಿದವರಿಗೆ ಅಧ್ಯಾಪನ, ಮರಾಠಿ-ಕನ್ನಡ ಅನುವಾದ, ಮುಂಬಯಿಯ ಕನ್ನಡ ದೈನಿಕಗಳ ಕೆಲಸ ದಾರಿಗಳಾಗಿವೆ. ಆದರೆ ಕನ್ನಡ ಮಾಧ್ಯಮ ಶಾಲೆಗಳು ಕುಗ್ಗಿದಂತೆ ಶಿಕ್ಷಕ ಹುದ್ದೆಗಳೂ ಕಡಿಮೆಯಾಗಿವೆ.

2024-25ರಿಂದ ಸಂಯೋಜಿತ ಕಾಲೇಜುಗಳಿಗೂ ಬಂದ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಮುಖ್ಯ ವಿಷಯದ ಜತೆಗೆ ಮುಕ್ತ ಆಯ್ಕೆಯ ವಿಷಯಗಳಿಗೆ, ಭಾರತೀಯ ಭಾಷೆಗಳಿಗೆ ಕ್ರೆಡಿಟ್ ಇದೆ. ಬಿ.ಕಾಂ. ಓದುವ ಡೊಂಬಿವಲಿಯ ಹುಡುಗಿ ವಾರಕ್ಕೆರಡು ತಾಸು ಕನ್ನಡ ಓದಿ ಅಂಕ ಪಡೆಯಲು ಇದು ಅವಕಾಶ. ಕನ್ನಡಿಗರು ನಡೆಸುವ ಕಾಲೇಜುಗಳು ಕಲೀನಾದ ವಿಭಾಗದ ನೆರವು ಪಡೆದು, ಕಾಯಂ ಅಧ್ಯಾಪಕರೊಬ್ಬರನ್ನು ನೇಮಿಸಿ, ಮುಂದಿನ ಪ್ರವೇಶದ ವೇಳೆಗಾದರೂ ಈ ವಿಷಯವನ್ನು ತಮ್ಮ ಪಟ್ಟಿಗೆ ಸೇರಿಸಬೇಕು.