ಗಾಳಿ ಮೊದಲು, ಇಂಧನ ಅನಂತರ

ವಿಮಾನದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅದು ನೆಲ ಬಿಟ್ಟು ಮೇಲೆದ್ದ ಗಳಿಗೆಯಿಂದ ಕಥೆಯನ್ನು ತೊಡಗುತ್ತಾರೆ. ಆದರೆ ಅದಕ್ಕೂ ಮುಂಚೆ, ತಣ್ಣಗೆ ನಿಂತಿರುವ ಎಂಜಿನನ್ನು ಎಚ್ಚರಿಸುವ ಆ ಅಲ್ಪಕಾಲದ ಕಾರ್ಯಕ್ಕೂ ತನ್ನದೇ ಆದ ಚರಿತ್ರೆಯುಂಟು.

ಆದಿಯಲ್ಲಿ ಅದು ತೋಳ್ಬಲದ ಕೆಲಸವಾಗಿತ್ತು. ನೆಲದ ಮೇಲೆ ನಿಂತ ಸಹಾಯಕನು ಪ್ರೊಪೆಲರಿನ ಅಲಗನ್ನು ಹಿಡಿದು, ಒಳಗಿನ ಚಾಲಕನು 'ಕಾಂಟ್ಯಾಕ್ಟ್' ಎಂದು ಕೂಗಿದೊಡನೆ ಬಲವಾಗಿ ಎಳೆದು, ತತ್‌ಕ್ಷಣವೇ ಹಿಂದೆ ಸರಿಯಬೇಕಾಗಿತ್ತು; ತಡವಾದರೆ ಕೈಯೋ ಪ್ರಾಣವೋ ಹೋಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ವೈಮಾನಿಕ ಬೆಂಟ್‌ಫೀಲ್ಡ್ ಹಕ್ಸ್‌ನ ಹೆಸರು ಹೊತ್ತು ಮೋಟಾರುಗಾಡಿಯ ಮೇಲೆ ಕುಳಿತ ತಿರುಗುದಂಡವೂ, ಅನಂತರ ತೋಟಾದ ಸಿಡಿತದಿಂದ ನಡೆಯುವ ಸ್ಟಾರ್ಟರೂ, ವಿದ್ಯುತ್ ಮೋಟಾರೂ ಬಂದು ಆ ಸಹಾಯಕನನ್ನು ಅಲಗಿನ ಎದುರಿನಿಂದ ಬಿಡುಗಡೆ ಮಾಡಿದುವು.

ಪ್ರೊಪೆಲರನ್ನು ಟರ್ಬೈನಿನಿಂದ ತಿರುಗಿಸುವ ಟರ್ಬೊಪ್ರಾಪ್ ಬಂದಮೇಲೆ ಅಪಾಯವು ಎಂಜಿನಿನ ಒಡಲೊಳಗೆ ಸೇರಿತು. 1940ರಲ್ಲಿ ಬುಡಾಪೆಸ್ಟಿನಲ್ಲಿ ಎಂಜಿನಿಯರ್ ಯೆಂಡ್ರಾಸಿಕ್ ನಡೆಯಿಸಿದ ಮೊತ್ತಮೊದಲ ಟರ್ಬೊಪ್ರಾಪ್, 1,000 ಅಶ್ವಶಕ್ತಿಯ ಗುರಿಯಿಟ್ಟುಕೊಂಡಿದ್ದರೂ, ದಹನವು ಸ್ಥಿರವಾಗಿ ನಿಲ್ಲದೆ ಸುಮಾರು 400ಕ್ಕೇ ತೃಪ್ತಿಪಡಬೇಕಾಯಿತು. 1945ರ ಸೆಪ್ಟೆಂಬರಿನಲ್ಲಿ ರೋಲ್ಸ್ ರಾಯ್ಸ್‌ನ ಟ್ರೆಂಟ್ ಎಂಜಿನುಗಳನ್ನು ಹೊತ್ತ ಮೀಟಿಯರ್ ವಿಮಾನ ಹಾರಿತು; 1953ರಲ್ಲಿ ನಾಲ್ಕು ಡಾರ್ಟ್ ಎಂಜಿನುಗಳ ವೈಕೌಂಟ್ ವಿಮಾನವು ಬ್ರಿಟನ್ನಿನಲ್ಲಿ ಪ್ರಯಾಣಿಕರ ನಿಯತ ಸೇವೆಗೆ ಸೇರಿ, 1957ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೂ ಬಂದಿತು. ಮುಂದೆ ಕಾನ್ಪುರದಲ್ಲಿ ಆವ್ರೊ 748 ತಯಾರಾಗತೊಡಗಿದಾಗ, ಅದಕ್ಕೆ ಬೇಕಾದ ಡಾರ್ಟ್ ಎಂಜಿನುಗಳನ್ನು ನಿರ್ಮಿಸುವ ಹೊಣೆ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯದಾಯಿತು.

ಪಿಸ್ಟನ್ ಎಂಜಿನಿನಲ್ಲಿ ಬೆಂಕಿಯು ಕ್ಷಣಕ್ಷಣಕ್ಕೂ ಹೊತ್ತಿ ಆರುತ್ತದೆ; ಟರ್ಬೈನಿನಲ್ಲಿ ಅದು ಎಡೆಬಿಡದೆ ಉರಿಯುತ್ತದೆ. ಜ್ವಾಲೆಯನ್ನು ಪೋಷಿಸುವ ಗಾಳಿಯೇ ಸುತ್ತಣ ಲೋಹವನ್ನು ತಣಿಸತಕ್ಕದ್ದೂ ಆದುದರಿಂದ, ಆ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರು ಸಾಕಷ್ಟು ವೇಗದಿಂದ ತಿರುಗುವ ಮೊದಲೇ ಇಂಧನವನ್ನು ಬಿಟ್ಟರೆ, ಇಲ್ಲವೆ ಬ್ಯಾಟರಿ ಸೋತು ಸ್ಟಾರ್ಟರು ನಿಧಾನಿಸಿದರೆ, ಇಲ್ಲವೆ ಹಿಂದಿನಿಂದ ಬೀಸುವ ಗಾಳಿ ಹೊಗೆಕೊಳವೆಯೊಳಕ್ಕೆ ನುಗ್ಗಿದರೆ, ಟರ್ಬೈನಿನ ಅಲಗುಗಳು ಕೆಲವೇ ಸೆಕೆಂಡುಗಳಲ್ಲಿ ಕೆಡಬಲ್ಲವು.

ಸೆಸ್ನಾ ಕ್ಯಾರವಾನ್ ಎಂಬ ಟರ್ಬೊಪ್ರಾಪ್ ವಿಮಾನದ ಚಾಲಕಪೀಠದಲ್ಲಿ, ಗಾಳಿ ಮೊದಲು, ಇಂಧನ ಅನಂತರ ಎಂಬ ಶಿಸ್ತನ್ನು ಸಮೀಪದಿಂದ ಕಾಣಬಹುದು. ಚಾಲಕನು ಸ್ಟಾರ್ಟರನ್ನು ಒತ್ತಿ, ಕಂಪ್ರೆಸರಿನ ವೇಗ ಕನಿಷ್ಠ ಶೇಕಡ 12ರಲ್ಲಿ ನೆಲೆಗೊಂಡ ಮೇಲೆಯೇ ಇಂಧನದ ಲಿವರನ್ನು ಸರಿಸುತ್ತಾನೆ. ಕೈ ಆ ಲಿವರಿನ ಮೇಲೆಯೇ ಇರುತ್ತದೆ, ಕಣ್ಣು ಉಷ್ಣಮಾಪಕವನ್ನು ಬಿಟ್ಟು ಕದಲುವುದಿಲ್ಲ. ಮುಳ್ಳು 1090 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿ ನಿಲ್ಲಲು ಅನುಮತಿಯಿರುವುದು ಕೇವಲ ಎರಡು ಸೆಕೆಂಡು. ಮುಳ್ಳು ಆ ಮಿತಿಯತ್ತ ರಭಸದಿಂದ ಧಾವಿಸಿದರೂ, ಹತ್ತು ಸೆಕೆಂಡಿನೊಳಗೆ ಬೆಂಕಿ ಹೊತ್ತದಿದ್ದರೂ, ಹೊತ್ತಿದ ಮೇಲೆ ವೇಗವು ಏರದೆ ನಡುವೆ ತಂಗಿದರೂ, ಮಾಡತಕ್ಕದ್ದು ಒಂದೇ: ಇಂಧನವನ್ನು ಕಡಿಯುವುದು. ಆದರೆ ಸ್ಟಾರ್ಟರನ್ನು ಒಡನೆ ಬಿಡಲಾಗದು. ಬರಿಯ ಗಾಳಿಯಿಂದ ಎಂಜಿನನ್ನು ತಿರುಗಿಸಿ, ಉಳಿದ ಕಾವನ್ನೂ ಉರಿಯದ ಇಂಧನವನ್ನೂ ಹೊರದೂಡಬೇಕು. ಸ್ಟಾರ್ಟರಿಗೂ ವಿರಾಮ ಬೇಕು: 30 ಸೆಕೆಂಡಿನ ದುಡಿಮೆಗೆ 60 ಸೆಕೆಂಡಿನ ಬಿಡುವು, ಮೂರನೆಯ ಪ್ರಯತ್ನದ ತರುವಾಯ ಅರ್ಧ ಗಂಟೆ. ಕಾರಣವನ್ನು ಅರಿಯದೆ ಮತ್ತೆ ಯತ್ನಿಸುವುದು ಸಾಹಸವೆನಿಸದು, ಅವಿವೇಕವೆನಿಸುತ್ತದೆ.

ಈ ವಿಧಿಗಳಿಗೆ ತೆತ್ತ ಬೆಲೆಯನ್ನು ನಮ್ಮ ನಾಡೂ ಬಲ್ಲುದು. 2009ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ ರೂಪುಗೊಂಡ ಸರಸ್ ವಿಮಾನದ ಎರಡನೆಯ ಮಾದರಿಯು, ಆಕಾಶದಲ್ಲಿ ಒಂದು ಎಂಜಿನನ್ನು ನಿಲ್ಲಿಸಿ ಪುನಃ ಹೊತ್ತಿಸುವ ಪರೀಕ್ಷೆಯಲ್ಲಿದ್ದಾಗ ಬಿಡದಿಯ ಬಳಿ ಬಿದ್ದು, ಅದರಲ್ಲಿದ್ದ ಮೂವರೂ ಮಡಿದರು. ಪುನರಾರಂಭಕ್ಕಾಗಿ ರಚಿಸಿದ ಕ್ರಮವೇ ತಪ್ಪಾಗಿತ್ತೆಂದೂ, ಎತ್ತರವು ಸಾಲದಾಗಿತ್ತೆಂದೂ ತನಿಖೆಯು ನಿರ್ಣಯಿಸಿತು.

ಅಲಗನ್ನೆಳೆದವನಿಂದ ಹಿಡಿದು ಮುಳ್ಳನ್ನು ನೋಡುವವನವರೆಗೆ ಈ ಕಸುಬಿನ ಸಾಧನಗಳೆಲ್ಲ ಮಾರ್ಪಟ್ಟಿವೆ. ಅದು ಬೇಡುವ ಗುಣ ಮಾತ್ರ ಮಾರ್ಪಟ್ಟಿಲ್ಲ. ಹಿಂದೆ ಸರಿಯಬೇಕಾದ ಗಳಿಗೆಯನ್ನು ಅರಿತು, ಹೊರಡುವ ಆತುರವನ್ನೂ ಕಾದಿರುವ ಪ್ರಯಾಣಿಕರ ಮುಖದಾಕ್ಷಿಣ್ಯವನ್ನೂ ಬದಿಗಿರಿಸಿ ಇಂಧನವನ್ನು ಕಡಿಯಬಲ್ಲ ಚಾಲಕನೇ ಎಂಜಿನನ್ನು ಪ್ರಾರಂಭಿಸುವ ಅಧಿಕಾರವುಳ್ಳವನು. ಅವನು ನಿಲ್ಲಿಸಿದ ಪ್ರತಿಯೊಂದು ಪ್ರಾರಂಭವನ್ನೂ ನಾವು ಅವನ ಕೌಶಲದ ಲೆಕ್ಕಕ್ಕೇ ಬರೆಯತಕ್ಕದ್ದು.