ಕಾರ್ಯಾಗಾರಗಳಲ್ಲಿ ಸೌದೆ ಉರಿಸುವ ಉಗಿ ಬಾಯ್ಲರುಗಳು: ನಿರ್ಮಾಣ, ನೋಂದಣಿ ಮತ್ತು ಬಳಕೆ ಕುರಿತ ಮಾಹಿತಿ

1. ಪೀಠಿಕೆ

ರೇಷ್ಮೆ ನೂಲು ಬಿಚ್ಚಾಣಿಕೆ, ಗೋಡಂಬಿ ಸಂಸ್ಕರಣೆ, ಕುಚ್ಚಲಕ್ಕಿ ತಯಾರಿಕೆ, ನೂಲಿಗೆ ಬಣ್ಣ ಹಾಕುವಿಕೆ ಮುಂತಾದ ಸಣ್ಣ ಉದ್ಯಮಗಳಿಗೆ ಉಗಿ ಅತ್ಯಗತ್ಯವಾಗಿರುತ್ತದೆ. ಖರ್ಚು ಉಳಿಸುವ ಉದ್ದೇಶದಿಂದ ಕೆಲವು ಉದ್ಯಮಿಗಳು ಹಳೆಯ ಡ್ರಮ್ಮು, ಅನಿಲ ಸಿಲಿಂಡರು ಅಥವಾ ಕೊಳವೆ ಬಾವಿಯ ಕೇಸಿಂಗ್ ಪೈಪನ್ನು ಸ್ಥಳೀಯವಾಗಿ ವೆಲ್ಡಿಂಗ್ ಮಾಡಿಸಿ ಬಾಯ್ಲರು ಸಿದ್ಧಪಡಿಸಿಕೊಳ್ಳಲು ಮುಂದಾಗುವುದುಂಟು. ಕಾನೂನಿನ ವ್ಯಾಪ್ತಿಗೆ ಬರುವ ಬಾಯ್ಲರನ್ನು ಈ ರೀತಿ ನಿರ್ಮಿಸಿ ಬಳಸಲು ಅವಕಾಶವಿರುವುದಿಲ್ಲ. ಇದಕ್ಕೆ ಕಾರಣಗಳನ್ನೂ, ಉಗಿಯ ಅಗತ್ಯವಿರುವವರು ಅನುಸರಿಸಬೇಕಾದ ಕ್ರಮವನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

2. ಕಾನೂನಿನ ಹಿನ್ನೆಲೆ

1863ರಲ್ಲಿ ಕಲ್ಕತ್ತಾದಲ್ಲಿ ಸಂಭವಿಸಿದ ಬಾಯ್ಲರು ಸ್ಫೋಟದಲ್ಲಿ ಅನೇಕ ಜನರು ಪ್ರಾಣ ಕಳೆದುಕೊಂಡರು. ಇದರ ಪರಿಣಾಮವಾಗಿ 1864ರಲ್ಲಿ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾನೂನು ರೂಪಿಸಲಾಯಿತು. ನಂತರ ಪ್ರಾಂತ್ಯಗಳಲ್ಲಿ ಬೇರೆಬೇರೆಯಾಗಿದ್ದ ಕಾನೂನುಗಳನ್ನು ಏಕರೂಪಗೊಳಿಸಿ 1923ರಲ್ಲಿ ಭಾರತೀಯ ಬಾಯ್ಲರುಗಳ ಅಧಿನಿಯಮವನ್ನು ಜಾರಿಗೊಳಿಸಲಾಯಿತು. ಈಗ ಅದರ ಸ್ಥಾನದಲ್ಲಿ ಬಾಯ್ಲರುಗಳ ಅಧಿನಿಯಮ, 2025 ಬಂದಿದೆ. ಕರ್ನಾಟಕದಲ್ಲಿ ಈ ವಿಷಯವು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ವ್ಯಾಪ್ತಿಗೆ ಸೇರಿರುತ್ತದೆ.

3. ಯಾವುದು ಬಾಯ್ಲರು?

ಹೊರಗಿನ ಬಳಕೆಗಾಗಿ ಒತ್ತಡದಲ್ಲಿ ಉಗಿಯನ್ನು ಉತ್ಪಾದಿಸುವ ಪಾತ್ರೆಯು ಬಾಯ್ಲರು ಎನಿಸುತ್ತದೆ. ಈ ಕೆಳಕಂಡವುಗಳು ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ:

(ಅ) 25 ಲೀಟರಿಗಿಂತ ಕಡಿಮೆ ಸಾಮರ್ಥ್ಯದ ಪಾತ್ರೆ;
(ಆ) ವಿನ್ಯಾಸದ ಒತ್ತಡ ಮತ್ತು ಬಳಕೆಯ ಒತ್ತಡ ಎರಡೂ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂಗಿಂತ ಕಡಿಮೆ ಇರುವ ಪಾತ್ರೆ;
(ಇ) ನೀರನ್ನು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಗೆ ಮಾತ್ರ ಕಾಯಿಸುವ ಪಾತ್ರೆ.

ಉರುವಲು ಸೌದೆಯೇ ಆಗಿರಲಿ, ತೌಡು, ಹೊಟ್ಟು ಅಥವಾ ಎಣ್ಣೆಯೇ ಆಗಿರಲಿ, ಈ ನಿಯಮದಲ್ಲಿ ವ್ಯತ್ಯಾಸವಿಲ್ಲ. ಸ್ವಂತ ಬಳಕೆಗೆ ಮಾತ್ರ ಎಂಬ ಕಾರಣಕ್ಕೂ ವಿನಾಯಿತಿ ಇರುವುದಿಲ್ಲ.

4. ಮನೆಯಲ್ಲಿ ನಿರ್ಮಿಸಿದ ಬಾಯ್ಲರು ಏಕೆ ಅಪಾಯಕಾರಿ?

ಬಾಯ್ಲರಿನಲ್ಲಿ ಬೆಂಕಿಗಿಂತಲೂ ಹೆಚ್ಚು ಅಪಾಯಕಾರಿಯಾದುದು ಒತ್ತಡದಲ್ಲಿರುವ ಬಿಸಿನೀರು. ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಒತ್ತಡದಲ್ಲಿ ನೀರು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪಾತ್ರೆ ಒಡೆದು ಒತ್ತಡ ಇಳಿದ ಕೂಡಲೇ ಆ ನೀರಿನ ಸುಮಾರು ಎಂಟನೇ ಒಂದು ಭಾಗ ಕ್ಷಣಮಾತ್ರದಲ್ಲಿ ಉಗಿಯಾಗುತ್ತದೆ. ಉಗಿಯು ನೀರಿಗಿಂತ ಸುಮಾರು 1,600 ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಅಂದರೆ 300 ಲೀಟರ್ ನೀರಿರುವ ಬಾಯ್ಲರು ಒಡೆದರೆ ಸುಮಾರು 60,000 ಲೀಟರಿನಷ್ಟು ಉಗಿ ಒಮ್ಮೆಲೇ ಹೊರಬರುತ್ತದೆ. ಗೋಡೆ, ಛಾವಣಿ ಹಾಗೂ ಹತ್ತಿರದಲ್ಲಿರುವ ಕೆಲಸಗಾರರು ಈ ಆಘಾತಕ್ಕೆ ಗುರಿಯಾಗುತ್ತಾರೆ.

200 ಲೀಟರಿನ ಸಾಮಾನ್ಯ ಎಣ್ಣೆ ಡ್ರಮ್ಮಿನ ತಗಡು ಸುಮಾರು 1 ಮಿಲಿಮೀಟರ್ ದಪ್ಪವಿರುತ್ತದೆ. ಇದರ ಚಪ್ಪಟೆ ಮುಚ್ಚಳದ ಮೇಲೆ ಚದರ ಸೆಂಟಿಮೀಟರಿಗೆ ಕೇವಲ 1 ಕಿಲೋಗ್ರಾಂ ಒತ್ತಡ ಬಿದ್ದರೂ ಒಟ್ಟು ಬಲ ಸುಮಾರು ಎರಡೂವರೆ ಟನ್ನಿನಷ್ಟಾಗುತ್ತದೆ. ಬಾಯ್ಲರಿನ ಉಕ್ಕಿನ ಹಾಳೆ, ಕೊಳವೆಗಳ ದಪ್ಪ, ತುದಿ ಫಲಕಗಳ ಆಕಾರ, ವೆಲ್ಡಿಂಗ್ ಮಾಡುವವರ ಅರ್ಹತೆ ಇವೆಲ್ಲವನ್ನೂ ಭಾರತೀಯ ಬಾಯ್ಲರು ವಿನಿಯಮಗಳು, 1950 ನಿಗದಿಪಡಿಸಿರುವುದು ಇದೇ ಕಾರಣದಿಂದ. ವೆಲ್ಡಿಂಗ್ ಹೊರನೋಟಕ್ಕೆ ಅಚ್ಚುಕಟ್ಟಾಗಿ ಕಂಡರೂ ಅದರ ಒಳಗಿನ ದೋಷ ಕಣ್ಣಿಗೆ ಕಾಣುವುದಿಲ್ಲ.

5. ಬಾಯ್ಲರು ಪಡೆಯುವ ಮತ್ತು ನೋಂದಾಯಿಸುವ ಕ್ರಮ

ಸಣ್ಣ ಉದ್ಯಮಗಳ ಅಗತ್ಯವನ್ನು ಪರಿಗಣಿಸಿ, 500 ಲೀಟರಿಗೆ ಮೀರದ ಸಾಮರ್ಥ್ಯ ಹಾಗೂ ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂಗೆ ಮೀರದ ಒತ್ತಡದ ಸಣ್ಣ ಕೈಗಾರಿಕಾ ಬಾಯ್ಲರುಗಳಿಗೆ ವಿನಿಯಮಗಳಲ್ಲಿ ಪ್ರತ್ಯೇಕ ಅಧ್ಯಾಯವನ್ನು ಕಲ್ಪಿಸಲಾಗಿದೆ. ಅರ್ಜಿದಾರರು ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು:

(1) ವಿನಿಯಮಗಳಂತೆ ಬಾಯ್ಲರು ತಯಾರಿಸಲು ಮಾನ್ಯತೆ ಪಡೆದ ತಯಾರಕರಿಂದಲೇ ಬಾಯ್ಲರನ್ನು ಖರೀದಿಸತಕ್ಕದ್ದು.
(2) ತಯಾರಿಕೆ ಮತ್ತು ಪರೀಕ್ಷೆಗೆ ಸಂಬಂಧಿಸಿದ ಪ್ರಮಾಣಪತ್ರಗಳು ಹಾಗೂ ನಕ್ಷೆಗಳನ್ನು ಖರೀದಿಯ ಸಮಯದಲ್ಲಿಯೇ ಕೇಳಿ ಪಡೆಯತಕ್ಕದ್ದು. ಬಾಯ್ಲರಿನ ಮೇಲೆ ಕೆತ್ತಿದ ಸಂಖ್ಯೆ ಈ ದಾಖಲೆಗಳೊಂದಿಗೆ ಹೊಂದಾಣಿಕೆಯಾಗಬೇಕು.
(3) ನಿಗದಿತ ಶುಲ್ಕ ಮತ್ತು ದಾಖಲೆಗಳೊಂದಿಗೆ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು.
(4) ಪರಿಶೀಲನೆಯ ದಿನದಂದು ಬಾಯ್ಲರನ್ನು ತಣ್ಣಗಾಗಿಸಿ, ಒಳಭಾಗ ಹಾಗೂ ಹೊಗೆ ದಾರಿಗಳನ್ನು ಸ್ವಚ್ಛಗೊಳಿಸಿ ಸಿದ್ಧವಾಗಿಡತಕ್ಕದ್ದು.
(5) ಬಳಕೆಯ ಪ್ರಮಾಣಪತ್ರದಲ್ಲಿ ನಮೂದಿಸಿದ ಒತ್ತಡವನ್ನು ಯಾವ ಕಾರಣಕ್ಕೂ ಮೀರಬಾರದು. ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

ಬಳಸಿದ ಬಾಯ್ಲರನ್ನು ಕೊಳ್ಳುವವರು ನೋಂದಣಿ ಸಂಖ್ಯೆ ಮತ್ತು ಹಿಂದಿನ ಪ್ರಮಾಣಪತ್ರಗಳನ್ನು ಪರಿಶೀಲಿಸದೆ ಹಣ ಪಾವತಿಸಬಾರದು. ದಾಖಲೆಗಳಿಲ್ಲದ ಬಾಯ್ಲರು ಎಷ್ಟೇ ಅಗ್ಗವಾಗಿ ದೊರೆತರೂ ನೋಂದಣಿಯಾಗದೆ ಗುಜರಿ ಕಬ್ಬಿಣವಾಗಿ ಉಳಿಯುವ ಸಂಭವವಿರುತ್ತದೆ.

6. ಬಾಯ್ಲರಿನಲ್ಲಿ ಇರಲೇಬೇಕಾದ ಸುರಕ್ಷತಾ ಉಪಕರಣಗಳು

ಸೇಫ್ಟಿ ವಾಲ್ವ್, ಪ್ರೆಶರ್ ಗೇಜ್, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್, ನೀರು ಹಿಂದಿರುಗದಂತೆ ತಡೆಯುವ ಫೀಡ್ ಚೆಕ್ ವಾಲ್ವ್, ಮುಖ್ಯ ಉಗಿ ವಾಲ್ವ್ ಮತ್ತು ಕೆಸರು ಹೊರಹಾಕುವ ಬ್ಲೋಡೌನ್ ವಾಲ್ವ್ ಸುಸ್ಥಿತಿಯಲ್ಲಿರತಕ್ಕದ್ದು. ಉಗಿ ಸೋರುತ್ತದೆ ಎಂಬ ಕಾರಣಕ್ಕೆ ಸೇಫ್ಟಿ ವಾಲ್ವಿಗೆ ಭಾರ ಹೇರುವುದು, ತಂತಿ ಬಿಗಿಯುವುದು ಅಥವಾ ಅದನ್ನು ಮುಚ್ಚುವುದು ಶಿಕ್ಷಾರ್ಹ ಅಪರಾಧ.

7. ಸೌದೆ ಉರಿಸುವಾಗ ವಹಿಸಬೇಕಾದ ಎಚ್ಚರಿಕೆ

ಎಣ್ಣೆ ಅಥವಾ ಅನಿಲದ ಉರಿಯನ್ನು ಗುಂಡಿ ಒತ್ತಿ ನಿಲ್ಲಿಸಬಹುದು. ಸೌದೆಯ ಕೆಂಡ ಹಾಗೆ ಆರುವುದಿಲ್ಲ. ವಿದ್ಯುತ್ ಹೋಗಿ ನೀರಿನ ಪಂಪು ನಿಂತರೂ ನೀರು ಆವಿಯಾಗುತ್ತಲೇ ಇರುತ್ತದೆ. ಆದ್ದರಿಂದ ನೀರು ಪೂರೈಸಲು ವಿದ್ಯುತ್ ಇಲ್ಲದೆಯೂ ನಡೆಯುವ ಪರ್ಯಾಯ ವ್ಯವಸ್ಥೆ ಇರುವುದು ಸೂಕ್ತ.

ಗೇಜ್ ಗ್ಲಾಸಿನಲ್ಲಿ ನೀರು ಕಾಣದಿದ್ದರೆ ಕೂಡಲೇ ನೀರು ಬಿಡಬಾರದು. ಕಾದು ಕೆಂಪಾದ ಲೋಹಕ್ಕೆ ನೀರು ತಗುಲಿದರೆ ಉಗಿ ಏಕಾಏಕಿ ಉಕ್ಕಿ ಸ್ಫೋಟವಾಗಬಹುದು. ಗಾಳಿಯ ದಾರಿಗಳನ್ನು ಮುಚ್ಚಿ, ಕೆಂಡದ ಮೇಲೆ ಮರಳು ಅಥವಾ ಒದ್ದೆ ಬೂದಿ ಹರಡಿ, ಎಲ್ಲರನ್ನೂ ದೂರ ಕಳುಹಿಸಿ, ಬಾಯ್ಲರು ತಾನಾಗಿ ತಣ್ಣಗಾಗಲು ಬಿಡತಕ್ಕದ್ದು. ತಪಾಸಣೆಯಾಗದೆ ಪುನಃ ಉರಿ ಹಾಕಬಾರದು.

ಗಾಳಿಗೆ ಚೆನ್ನಾಗಿ ಒಣಗಿದ ಸೌದೆ 1 ಕಿಲೋಗ್ರಾಂ ಉರಿಸಿದರೆ ಉತ್ತಮ ಸಣ್ಣ ಬಾಯ್ಲರಿನಲ್ಲಿ ಸುಮಾರು 3 ಕಿಲೋಗ್ರಾಂ ಉಗಿ ದೊರೆಯುತ್ತದೆ. ಹಸಿ ಸೌದೆಯಲ್ಲಿ ಶಾಖದ ಒಂದು ಭಾಗ ಅದರ ತೇವವನ್ನು ಆರಿಸಲು ವ್ಯಯವಾಗಿ ಉಗಿ ಕಡಿಮೆಯಾಗುತ್ತದೆ, ಹೊಗೆ ಹೆಚ್ಚುತ್ತದೆ. ಗಡಸು ನೀರು ಬಳಸಿದರೆ ಕೊಳವೆಗಳಿಗೆ ಸುಣ್ಣದ ಪದರ ಕಟ್ಟಿ, ಶಾಖ ನೀರಿಗೆ ತಲುಪದೆ ಲೋಹ ಅತಿಯಾಗಿ ಕಾಯುತ್ತದೆ. ಆದ್ದರಿಂದ ಮೃದುಗೊಳಿಸಿದ ನೀರನ್ನು ಬಳಸಿ, ತಯಾರಕರು ಸೂಚಿಸಿದಂತೆ ಬ್ಲೋಡೌನ್ ಮಾಡತಕ್ಕದ್ದು. ಬಾಯ್ಲರಿನ ಉಸ್ತುವಾರಿಯನ್ನು ನಿಯಮಗಳು ಬಯಸುವ ಅರ್ಹತೆಯುಳ್ಳ ವ್ಯಕ್ತಿಗೆ ಮಾತ್ರ ವಹಿಸತಕ್ಕದ್ದು.

8. ಒತ್ತಡವಿಲ್ಲದ ಉಗಿ ಸಾಕಾಗುವವರಿಗೆ

ಮರದ ಪಟ್ಟಿ ಬಗ್ಗಿಸುವುದು, ಅಲ್ಪ ಪ್ರಮಾಣದಲ್ಲಿ ಬೇಯಿಸುವುದು ಮುಂತಾದ ಕೆಲಸಗಳಿಗೆ ಒತ್ತಡದ ಉಗಿಯ ಅಗತ್ಯವಿರುವುದಿಲ್ಲ. ಒಲೆಯ ಮೇಲಿನ ಪಾತ್ರೆಯಿಂದ ಅಗಲವಾದ ಕೊಳವೆಯ ಮೂಲಕ ಉಗಿಯನ್ನು ತೆರೆದ ಪೆಟ್ಟಿಗೆಗೆ ಹರಿಸಿದರೆ ಸಾಕಾಗುತ್ತದೆ. ಈ ಕೊಳವೆಗೆ ಯಾವುದೇ ವಾಲ್ವನ್ನು ಅಳವಡಿಸಬಾರದು ಹಾಗೂ ಅದು ಕಟ್ಟಿಕೊಳ್ಳದಂತೆ ನೋಡಿಕೊಳ್ಳತಕ್ಕದ್ದು. ದಾರಿ ಮುಚ್ಚಿದ ಕ್ಷಣದಿಂದ ಅದೇ ಪಾತ್ರೆಯಲ್ಲಿ ಒತ್ತಡ ಏರತೊಡಗುತ್ತದೆ.

9. ಅಪಘಾತದ ವರದಿ

ಬಾಯ್ಲರು ಅಥವಾ ಅದರ ಉಗಿ ಕೊಳವೆಗೆ ಅಪಘಾತ ಸಂಭವಿಸಿದಲ್ಲಿ, ಮಾಲೀಕರು ಅಥವಾ ಉಸ್ತುವಾರಿ ಹೊತ್ತವರು 24 ಗಂಟೆಗಳೊಳಗೆ ಬಾಯ್ಲರು ಪರಿವೀಕ್ಷಕರಿಗೆ ಲಿಖಿತ ವರದಿ ಸಲ್ಲಿಸತಕ್ಕದ್ದು. ಬಾಯ್ಲರಿನಲ್ಲಿ ದುರಸ್ತಿ ಅಥವಾ ಮಾರ್ಪಾಡು ಮಾಡಿಸುವ ಮೊದಲು ಲಿಖಿತ ಅನುಮತಿ ಪಡೆಯತಕ್ಕದ್ದು.

ಈಗಾಗಲೇ ಸ್ಥಳೀಯವಾಗಿ ತಯಾರಿಸಿದ ಬಾಯ್ಲರನ್ನು ಬಳಸುತ್ತಿರುವವರು ಅದರ ಬಳಕೆಯನ್ನು ತಕ್ಷಣ ನಿಲ್ಲಿಸಿ, ಮುಂದಿನ ಕ್ರಮಕ್ಕಾಗಿ ತಮ್ಮ ವ್ಯಾಪ್ತಿಯ ಬಾಯ್ಲರು ಪರಿವೀಕ್ಷಕರ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.